ಆಕಾಶಕ್ಕೆ ಗುರಿಯಿಟ್ಟವರು: ಡಾಕ್ಟರ್ ವೈನು ಬಪ್ಪು

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ೧೯೫೬ರ ವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತೆಂಬುದನ್ನು ಈ ಸಂಚಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಕಾಲದ ಮಾತು ಬಂದರೆ ನಮ್ಮ ಹಿರಿಯರು ನೆನೆಯುವುದು ಜಾಗೀರುದಾರರ ದರ್ಪವನ್ನು, ರಜಾಕಾರರ ಹಾವಳಿಯನ್ನು, ಉರ್ದು ಬಾರದೆ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಂತ ದಿನಗಳನ್ನು. ಅವೆಲ್ಲ ನಿಜವೇ, ಮರೆಯತಕ್ಕವೂ ಅಲ್ಲ. ಆದರೆ ಅದೇ ರಾಜ್ಯದ ಬೊಕ್ಕಸದಿಂದ, ಎಂದರೆ ನಮ್ಮ ಜೋಳ, ಹತ್ತಿ, ತೊಗರಿಯ ಹೊಲಗಳ ಕಂದಾಯವೂ ಸೇರುತ್ತಿದ್ದ ಬೊಕ್ಕಸದಿಂದ, ಒಬ್ಬ ತರುಣನಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಲು ವಿದ್ಯಾರ್ಥಿವೇತನ ದೊರೆತಿತ್ತು. ಆ ತರುಣರೇ ಮುಂದೆ ಸ್ವತಂತ್ರ ಭಾರತದ ದೊಡ್ಡ ದೂರದರ್ಶಕಗಳ ನಿರ್ಮಾತೃಗಳಾದ ಡಾಕ್ಟರ್ ಮನಾಲಿ ಕಲ್ಲಾಟ್ ವೈನು ಬಪ್ಪು. ನಮ್ಮ ಹಳ್ಳಿಗಳ ದುಡ್ಡು ಇಷ್ಟು ಸಾರ್ಥಕವಾಗಿ ಖರ್ಚಾದ ಇನ್ನೊಂದು ನಿದರ್ಶನ ಆ ಕಾಲದಲ್ಲಿ ನನಗೆ ಸಿಕ್ಕಿಲ್ಲ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ದೂರದರ್ಶಕದ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯವರು ೨೦೨೫ರ ಏಪ್ರಿಲ್ ೧೩ರಂದು ಕರ್ನೂಲಿನ ಪ್ರಯೋಗ ಕ್ಷೇತ್ರದಲ್ಲಿ ೩೦ ಕಿಲೋವ್ಯಾಟ್ ಸಾಮರ್ಥ್ಯದ ಲೇಸರ್ ಅಸ್ತ್ರವೊಂದನ್ನು ಪರೀಕ್ಷಿಸಿದರು. ಗುಂಡಿಲ್ಲ, ಮದ್ದಿಲ್ಲ, ಬರಿಯ ಬೆಳಕಿನಿಂದ ಚಾಲಕರಿಲ್ಲದ ವಿಮಾನವನ್ನೂ ಡ್ರೋನುಗಳ ಗುಂಪನ್ನೂ ಕೆಡವಿದರು. ಅಸ್ತ್ರವನ್ನು ರೂಪಿಸಿದ ಮುಖ್ಯ ಪ್ರಯೋಗಾಲಯ ಹೈದರಾಬಾದಿನದು. ಈ ಸುದ್ದಿ ಬಂದ ಮೇಲೆ ಹಾಸ್ಟೆಲಿನಲ್ಲಿ ಹಲವು ರಾತ್ರಿ ಇದೇ ಚರ್ಚೆ. ಮಿತ್ರರೆಲ್ಲರೂ ಕಿರಣದ ಬಲವನ್ನು ಹೊಗಳುವವರೇ. ನನಗೆ ಬೇರೊಂದು ಸಂಗತಿ ಕಾಡಿತು. ಬೆಳಕು ಕಲ್ಲಿನಂತೆ ಬಡಿಯುವುದಿಲ್ಲ, ಕಾಯಿಸಿ ಸುಡುತ್ತದೆ. ಆದುದರಿಂದ ಹಾರುವ ವಸ್ತುವಿನ ಒಂದೇ ಜಾಗದ ಮೇಲೆ ಅದು ಕೆಲವು ಕ್ಷಣವಾದರೂ ಅಲುಗದೆ ನಿಲ್ಲಬೇಕು. ಹಾಗೆ ನಿಲ್ಲಿಸುವ ವಿದ್ಯೆ ಎಲ್ಲಿಂದ ಬಂತು? ಇದನ್ನು ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ್ದು ಅಸ್ತ್ರಗಾರರ ಚರಿತ್ರೆಯಲ್ಲ, ನಕ್ಷತ್ರ ನೋಡುವವರ ಚರಿತ್ರೆ. ನಮ್ಮ ದೇಶದ ಮಟ್ಟಿಗೆ ಆ ಚರಿತ್ರೆಯ ನಡುವೆ ನಿಂತವರು ಬಪ್ಪು ಅವರು.

ಈ ಕಷ್ಟ ಎಂಥದೆಂಬುದನ್ನು ಮೊದಲು ತಿಳಿದುಕೊಳ್ಳೋಣ. ಯಾದಗಿರಿಯ ಕೋಟೆಯ ಬೆಟ್ಟವನ್ನೇರಿ, ಅಂಗೈಯಗಲದ ಕನ್ನಡಿಯೊಂದರಿಂದ ಬಿಸಿಲನ್ನು ರೈಲ್ವೆ ನಿಲ್ದಾಣದ ಒಂದು ಕಿಟಕಿಯ ಮೇಲೆ ಬೀಳಿಸಲು ಯತ್ನಿಸಿ. ಕೈ ಕೂದಲೆಳೆಯಷ್ಟು ನಡುಗಿದರೆ ಬೆಳಕಿನ ಮಚ್ಚೆ ಮನೆಗಳ ಮೇಲೆಲ್ಲ ಓಡಾಡುತ್ತದೆ. ಒಂದು ಅಂಶವನ್ನು ೬೦ ಕಲೆಗಳಾಗಿಯೂ ಒಂದು ಕಲೆಯನ್ನು ೬೦ ವಿಕಲೆಗಳಾಗಿಯೂ ನಮ್ಮ ಪಂಚಾಂಗದವರು ವಿಭಾಗಿಸುತ್ತಾರಷ್ಟೆ. ಒಂದೇ ಒಂದು ವಿಕಲೆಯಷ್ಟು ಗುರಿ ತಪ್ಪಿದರೆ ಒಂದು ಕಿಲೋಮೀಟರಿನಾಚೆ ಆಗುವ ವ್ಯತ್ಯಾಸ ಸುಮಾರು ೫ ಮಿಲಿಮೀಟರ್. ೨೦೦ ಕಿಲೋಮೀಟರಿನಾಚೆ ಅದು ಸುಮಾರು ಒಂದು ಮೀಟರ್ ಆಗುತ್ತದೆ. ಇದು ನಿಂತ ಗುರಿಯ ಮಾತು. ಖಂಡದಿಂದ ಖಂಡಕ್ಕೆ ಹಾರುವ ಕ್ಷಿಪಣಿ ಸೆಕೆಂಡಿಗೆ ೭ ಕಿಲೋಮೀಟರಿನಷ್ಟು ವೇಗದಿಂದ ಓಡುತ್ತದೆ. ಅದು ೩೦೦ ಕಿಲೋಮೀಟರ್ ದೂರದಲ್ಲಿದ್ದರೆ, ಅದರ ಬೆಳಕು ನಮ್ಮನ್ನು ಮುಟ್ಟಿ ನಮ್ಮ ಬೆಳಕು ಅದನ್ನು ಮುಟ್ಟಲು ಸೆಕೆಂಡಿನ ೫೦೦ರಲ್ಲಿ ಒಂದಂಶ ಬೇಕು. ಅಷ್ಟರೊಳಗೆ ಅದು ೧೪ ಮೀಟರ್ ಮುಂದೆ ಹೋಗಿರುತ್ತದೆ. ಕಂಡಲ್ಲಿಗೆ ಹೊಡೆದರೆ ಬೆಳಕೂ ತಡವಾಗಿ ತಲಪುತ್ತದೆ! ಜೋಳದ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸುವ ನಮ್ಮ ಹುಡುಗರಿಗೆ ಈ ಗುಟ್ಟು ಗೊತ್ತು. ಅವರು ಹಕ್ಕಿಯ ಹಿಂಡಿಗೆ ಎಸೆಯುವುದಿಲ್ಲ, ಹಿಂಡು ಹೋಗಲಿರುವ ಕಡೆಗೆ ಎಸೆಯುತ್ತಾರೆ. ಸುರಪುರದ ಬೇಡರ ಪಡೆಯ ಬೇಟೆಗಾರರಿಗೂ ಇದು ಹುಟ್ಟುವಿದ್ಯೆಯಾಗಿತ್ತು.

ಬಪ್ಪು ಅವರು ಹುಟ್ಟಿದ್ದು ೧೯೨೭ರ ಆಗಸ್ಟ್ ೧೦ರಂದು ಮದ್ರಾಸಿನಲ್ಲಿ. ಮನೆತನ ಮಲಬಾರದ ಕಡೆಯದು. ತಂದೆತಾಯಿಗಳಿಗೆ ಒಬ್ಬರೇ ಮಗ. ತಂದೆಯವರು ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಕೆಲಸದಲ್ಲಿದ್ದುದರಿಂದ ಬಾಲ್ಯವೆಲ್ಲ ಅಲ್ಲಿಯೇ ಕಳೆಯಿತು. ಈ ವೇಧಶಾಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನವಾಬ್ ಜಫರ್ ಜಂಗ್ ಎಂಬ ಸರದಾರರು ೧೯೦೧ರಲ್ಲಿ ಸ್ವಂತ ಆಸಕ್ತಿಯಿಂದ ಇದನ್ನು ಸ್ಥಾಪಿಸಿದರು. ಅವರ ತರುವಾಯ ಅದು ನಿಜಾಮ್ ಸರ್ಕಾರದ ವಶಕ್ಕೆ ಬಂದು ಬೇಗಂಪೇಟೆಯಲ್ಲಿ ನೆಲೆಗೊಂಡಿತು. ಜಗತ್ತಿನ ವೇಧಶಾಲೆಗಳೆಲ್ಲ ಆಕಾಶವನ್ನು ಪಾಲು ಹಂಚಿಕೊಂಡು ನಕ್ಷತ್ರಗಳ ಪಟ ತೆಗೆಯುವ ಮಹಾಕಾರ್ಯವನ್ನು ಕೈಗೊಂಡಿದ್ದ ಕಾಲವದು. ಹೈದರಾಬಾದಿನವರು ತಮ್ಮ ಪಾಲಿಗೆ ಬಂದ ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು ಅಳೆದು ಅಚ್ಚು ಹಾಕಿಸಿದರು. ಕಚೇರಿಗಳಲ್ಲಿ ಕಡತಗಳು ಧೂಳು ತಿನ್ನುತ್ತಿದ್ದ ರಾಜ್ಯದಲ್ಲಿ ಇಂಥದೊಂದು ಕೆಲಸ ಸದ್ದಿಲ್ಲದೆ ನಡೆದಿತ್ತೆಂಬುದು ಸೋಜಿಗವೇ ಸರಿ.

ನಕ್ಷತ್ರದ ಪಟ ತೆಗೆಯುವುದು ನಾವು ಗುಂಪುಚಿತ್ರ ತೆಗೆಸಿಕೊಂಡಂತಲ್ಲ. ಮಂದವಾದ ಬೆಳಕು ಗಾಜಿನ ಫಲಕದ ಮೇಲೆ ಮೂಡಲು ಎಷ್ಟೋ ಹೊತ್ತು ಬೇಕು. ಅಷ್ಟರಲ್ಲಿ ಭೂಮಿ ತಿರುಗುವುದರಿಂದ ಆಕಾಶವು ಸೆಕೆಂಡಿಗೆ ಸುಮಾರು ೧೫ ವಿಕಲೆಯಷ್ಟು ಸರಿಯುತ್ತಲೇ ಇರುತ್ತದೆ. ದೂರದರ್ಶಕವೂ ಗಡಿಯಾರದ ಯಂತ್ರದಿಂದ ಅದೇ ವೇಗದಲ್ಲಿ ತಿರುಗಬೇಕು. ಯಂತ್ರವನ್ನು ಪೂರ್ತಿ ನಂಬುವ ಹಾಗಿಲ್ಲ. ಪಕ್ಕದ ಚಿಕ್ಕ ದೂರದರ್ಶಕದಲ್ಲಿ ಅಡ್ಡಗೆರೆ ಉದ್ದಗೆರೆ ಕೂಡುವ ಬಿಂದುವಿನಲ್ಲಿ ಒಂದು ನಕ್ಷತ್ರವನ್ನು ಇರಿಸಿಕೊಂಡು, ಅದು ಕೊಂಚ ಜರುಗಿದರೂ ತಿರುಪನ್ನು ಮೆಲ್ಲಗೆ ತಿರುಗಿಸಿ ಸರಿಪಡಿಸುತ್ತ ಒಬ್ಬರು ಕುಳಿತಿರಬೇಕು. ಕಣ್ಣು ನೋಡುವುದು, ಕೈ ತಿದ್ದುವುದು, ಮತ್ತೆ ಕಣ್ಣು ನೋಡುವುದು: ಇಂದಿನ ಲೇಸರ್ ಅಸ್ತ್ರದ ಗಣಕಯಂತ್ರ ಸೆಕೆಂಡಿಗೆ ನೂರಾರು ಬಾರಿ ಮಾಡುವ ಕೆಲಸವೂ ಇಷ್ಟೇ. ಹುಡುಗ ವೈನು ಅದನ್ನು ತಂದೆಯವರ ಬಳಿ ನಿಂತು ಕಂಡು ಬೆಳೆದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯ ಕೆಲಸದ ಜಾಗವೇ ಪಾಠಶಾಲೆಯಾದ ಇಂಥ ಭಾಗ್ಯವನ್ನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದರೆ ವಾಚಕರು ನಗಬಾರದು. ನನ್ನ ತಂದೆಯವರ ಹೊಲದಲ್ಲಿ ನಾನು ಕಲಿತದ್ದು ಹತ್ತಿ ಬಿಡಿಸುವುದನ್ನೂ ಕೂರಿಗೆಯ ಸಾಲು ಡೊಂಕಾಗದಂತೆ ಎತ್ತುಗಳನ್ನು ಹೊಡೆಯುವುದನ್ನೂ. ನೆಟ್ಟಗೆ ಸಾಲು ಹೊಡೆಯಬೇಕಾದರೆ ಎತ್ತಿನ ಕಾಲನ್ನು ನೋಡದೆ ಬದುವಿನಾಚೆಯ ಒಂದು ಗಿಡವನ್ನು ನೋಡುತ್ತಿರಬೇಕೆಂದು ಅಪ್ಪ ಹೇಳಿಕೊಟ್ಟಿದ್ದರು. ವೇಧಶಾಲೆಯ ಪಾಠವೂ ಅದೇ ಜಾತಿಯದೆಂದು ಈಗ ಅನ್ನಿಸುತ್ತದೆ.

ಬಪ್ಪು ಅವರು ನಿಜಾಮ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಬೆಳಕು ಏರಿಳಿಯುವ ನಕ್ಷತ್ರಗಳನ್ನು ವಿದ್ಯಾರ್ಥಿಯಾಗಿದ್ದಾಗಲೇ ತಾವೇ ವೀಕ್ಷಿಸಿ ಲೇಖನ ಪ್ರಕಟಿಸಿದರು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ೧೯೪೯ರಲ್ಲಿ ಹಾರ್ವರ್ಡ್ ಸೇರಿದರು. ಸೇರಿ ಕೆಲವೇ ತಿಂಗಳಾಗಿತ್ತು. ಅದೇ ವರ್ಷ ಜುಲೈ ೨ರ ರಾತ್ರಿ ಅವರು ತೆಗೆದ ಫಲಕದಲ್ಲಿ ಹೊಸದೊಂದು ಧೂಮಕೇತು ಸಿಕ್ಕಿತು. ದೂರದರ್ಶಕ ನಕ್ಷತ್ರಗಳ ಬೆನ್ನು ಹಿಡಿದಿದ್ದರಿಂದ ನಕ್ಷತ್ರಗಳೆಲ್ಲ ಚುಕ್ಕೆಗಳಾಗಿ ಬಿದ್ದಿದ್ದವು. ಬೇರೆ ಹಾದಿಯಲ್ಲಿ ಸಾಗುತ್ತಿದ್ದ ಒಂದು ಮಾತ್ರ ಎಳೆದಂತೆ ಮಸುಕಾಗಿ ಬಿದ್ದಿತ್ತು. ಸಾವಿರ ಚುಕ್ಕೆಗಳ ನಡುವೆ ಸರಿಯುತ್ತಿರುವುದನ್ನು ಗುರುತಿಸುವುದೇ ಗುರಿ ಹಿಡಿಯುವ ವಿದ್ಯೆಯ ಮೊದಲ ಮೆಟ್ಟಿಲು. ಅವರ ಅಧ್ಯಾಪಕರಾದ ಬಾರ್ಟ್ ಬಾಕ್ ಮತ್ತು ಸಹಪಾಠಿ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದು ಬಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು ಎನಿಸಿಕೊಂಡಿತು. ಅದಕ್ಕಾಗಿ ಬಪ್ಪು ಅವರಿಗೆ ಡಾನ್‌ಹೋ ಪದಕ ಬಂದಿತು. ಆಗ ಅವರಿಗೆ ೨೧ ವರ್ಷ, ಇಂದು ನಮ್ಮ ತರಗತಿಯಲ್ಲಿ ಕುಳಿತಿರುವವರ ವಯಸ್ಸು.

೧೯೫೨ರಲ್ಲಿ ಡಾಕ್ಟರೇಟ್ ಪಡೆದ ಮೇಲೆ ಕಾರ್ನೆಗಿ ಸಂಸ್ಥೆಯ ಫೆಲೋಷಿಪ್ ದೊರೆತು ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಮತ್ತು ಪಾಲೋಮಾರ್ ವೇಧಶಾಲೆಗಳಿಗೆ ಹೋದರು. ಪಾಲೋಮಾರಿನ ೨೦೦ ಅಂಗುಲದ ದೂರದರ್ಶಕ ಆಗ ಜಗತ್ತಿನಲ್ಲೇ ದೊಡ್ಡದು. ಅದರ ತಿರುಗುವ ಭಾಗವೇ ಸುಮಾರು ೫೦೦ ಟನ್ ತೂಕ. ಆದರೆ ಎಣ್ಣೆಯ ತೆಳುಪದರದ ಮೇಲೆ ತೇಲುವಂತೆ ಕೂರಿಸಿದ್ದರಿಂದ ನಕ್ಷತ್ರದ ಹಿಂದೆ ಅದನ್ನು ತಿರುಗಿಸಲು ಒಂದು ಅಶ್ವಶಕ್ತಿಯ ೧೨ರಲ್ಲಿ ಒಂದಂಶದ ಮೋಟಾರು ಸಾಕಾಗುತ್ತಿತ್ತು. ಅಲ್ಲಿ ಒಲಿನ್ ವಿಲ್ಸನ್ ಅವರೊಡನೆ ನಡೆಸಿದ ಅಭ್ಯಾಸದ ಫಲವಾಗಿ ೧೯೫೭ರಲ್ಲಿ ವಿಲ್ಸನ್-ಬಪ್ಪು ಪರಿಣಾಮವೆಂಬುದು ಪ್ರಕಟವಾಯಿತು. ಸೂರ್ಯನಂಥ ಮತ್ತು ಅದಕ್ಕಿಂತ ತಣ್ಣನೆಯ ನಕ್ಷತ್ರಗಳ ವರ್ಣಪಟಲದಲ್ಲಿ, ಕ್ಯಾಲ್ಸಿಯಮಿನ ಕಪ್ಪು ಗೆರೆಯ ನಡುವೆ, ಒಂದು ಸಣ್ಣ ಬೆಳಕಿನ ಗೆರೆ ಇರುತ್ತದೆ. ಅದು ಅಗಲವಾದಷ್ಟೂ ಆ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು. ನಿಜವಾದ ಪ್ರಕಾಶ ತಿಳಿದರೆ, ಕಾಣುವ ಪ್ರಕಾಶದೊಡನೆ ಹೋಲಿಸಿ ದೂರವನ್ನು ಹೇಳಬಹುದು. ಖಗೋಳಶಾಸ್ತ್ರದ ಪಠ್ಯಗಳಲ್ಲಿ ಅವರ ಹೆಸರು ಉಳಿದಿರುವುದು ಇದರಿಂದ.

ಅವರು ಅಲ್ಲಿದ್ದ ಕಾಲದಲ್ಲೇ ಅದೇ ವೇಧಶಾಲೆಗಳ ಹೊರೇಸ್ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ ೧೯೫೩ರಲ್ಲಿ ಒಂದು ವಿಚಿತ್ರ ಸಲಹೆಯನ್ನು ಪ್ರಕಟಿಸಿದರು. ನಮ್ಮ ಬೇಸಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗಿ ದೂರದ ಬಸ್ಸು ನೀರಲ್ಲಿ ತೇಲಿದಂತೆ ಕಾಣುತ್ತದೆಯಲ್ಲವೆ? ಅದೇ ಗಾಳಿ ನಕ್ಷತ್ರದ ಬೆಳಕನ್ನೂ ಕದಡುತ್ತದೆ. ಕದಡಿದಷ್ಟೇ ವಿರುದ್ಧವಾಗಿ ಕನ್ನಡಿಯ ಮೈಯನ್ನು ಕ್ಷಣಕ್ಷಣಕ್ಕೂ ಬಾಗಿಸಿದರೆ ಬೆಳಕು ಮತ್ತೆ ಒಂದು ಬಿಂದುವಿಗೆ ಕೂಡುತ್ತದೆಂಬುದು ಆ ಸಲಹೆ. ಆಗ ಅದನ್ನು ಮಾಡಬಲ್ಲ ಯಂತ್ರಗಳಿರಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

೧೯೫೩ರಲ್ಲಿ ಬಪ್ಪು ಅವರು ಸ್ವದೇಶಕ್ಕೆ ಮರಳಿದರು. ಅಮೆರಿಕದಲ್ಲೇ ನಿಂತಿದ್ದರೆ ಹೊಟ್ಟೆಗೆ ಬಟ್ಟೆಗೆ, ಕೀರ್ತಿಗೆ ಏನೂ ಕೊರತೆಯಿರಲಿಲ್ಲ. ಇಲ್ಲಿ ಅವರ ಕೈಗೆ ಬಂದದ್ದು ಆಗಷ್ಟೇ ವಾರಾಣಸಿಯಲ್ಲಿ ಹುಟ್ಟಿದ್ದ ಉತ್ತರ ಪ್ರದೇಶದ ರಾಜ್ಯ ವೇಧಶಾಲೆ. ೧೯೫೪ರಲ್ಲಿ ಅದರ ಹೊಣೆ ಹೊತ್ತವರು ಮರುವರ್ಷವೇ ಅದನ್ನು ತಿಳಿಯಾದ ಆಕಾಶದ ನೈನಿತಾಲಿಗೆ ಸಾಗಿಸಿದರು.

ನೈನಿತಾಲಿನಲ್ಲಿಯೇ ನಮ್ಮ ಕಥೆಯ ಎರಡು ಎಳೆಗಳು ಕೂಡುವುದು. ೧೯೫೭ರ ಅಕ್ಟೋಬರ್ ೪ರಂದು ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು. ಮನುಷ್ಯ ಮಾಡಿದ ವಸ್ತುವೊಂದು ಮೊತ್ತಮೊದಲ ಬಾರಿ ಭೂಮಿಯನ್ನು ಸುತ್ತತೊಡಗಿತು. ಅಂಥವುಗಳ ಬೆನ್ನು ಹಿಡಿಯಲೆಂದು ಹಾರ್ವರ್ಡಿನ ಫ್ರೆಡ್ ವಿಪಲ್ ಅವರ ಮುಂದಾಳ್ತನದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯವರು ಜಗತ್ತಿನ ೧೨ ಕಡೆ ಬೇಕರ್-ನನ್ ಎಂಬ ವಿಶೇಷ ಕ್ಯಾಮರಾಗಳನ್ನು ಇರಿಸಿದರು. ಇರಾನಿನ ಶಿರಾಜ್, ಪೆರುವಿನ ಅರೆಕಿಪಾ, ಹವಾಯಿ ದ್ವೀಪಗಳ ಮಾವಿ ಮೊದಲಾದ ಆ ಹನ್ನೆರಡರಲ್ಲಿ ಬಪ್ಪು ಅವರ ನೈನಿತಾಲವೂ ಒಂದು. ಸಾಮಾನ್ಯ ದೂರದರ್ಶಕ ನಕ್ಷತ್ರದ ನಿಧಾನಗತಿಯನ್ನು ಮಾತ್ರ ಅನುಸರಿಸಬಲ್ಲದು. ಕೆಳಕಕ್ಷೆಯ ಉಪಗ್ರಹವಾದರೋ ಕೆಲವೇ ನಿಮಿಷಗಳಲ್ಲಿ ದಿಗಂತದಿಂದ ದಿಗಂತಕ್ಕೆ ಓಡಿಬಿಡುತ್ತದೆ. ಆದಕಾರಣ ಈ ಕ್ಯಾಮರಾವನ್ನು ಎರಡಕ್ಕೆ ಬದಲು ಮೂರು ಅಚ್ಚುಗಳ ಮೇಲೆ ತಿರುಗುವಂತೆ ಮಾಡಿದ್ದರು. ಉಪಗ್ರಹ ಯಾವ ಓರೆಯಲ್ಲಿ ಬಂದರೂ ಅದೇ ಓರೆಯಲ್ಲಿ ಹಿಂಬಾಲಿಸುತ್ತಿತ್ತು. ಪಟ ತೆಗೆದ ಕ್ಷಣವನ್ನು ಕರಾರುವಾಕ್ಕಾದ ಗಡಿಯಾರವು ಫಿಲ್ಮಿನ ಮೇಲೆಯೇ ದಾಖಲಿಸುತ್ತಿತ್ತು. ೧೯೫೮ರಲ್ಲಿ ಅಮೆರಿಕನ್ನರು ಹಾರಿಸಿದ ವ್ಯಾನ್‌ಗಾರ್ಡ್ ಉಪಗ್ರಹ ದೊಡ್ಡದೊಂದು ಮೋಸಂಬಿಯ ಗಾತ್ರದ್ದು. ಅದು ೩,೮೦೦ ಕಿಲೋಮೀಟರ್ ದೂರದಲ್ಲಿದ್ದಾಗಲೂ ಈ ಜಾತಿಯ ಕ್ಯಾಮರಾ ಅದನ್ನು ಹಿಡಿಯಿತು.

ನೈನಿತಾಲದ ಕೆಲಸ ಅಂತರರಾಷ್ಟ್ರೀಯ ವಿಜ್ಞಾನಕ್ಕಾಗಿ ನಡೆದದ್ದು. ಅದರಿಂದ ಭೂಮಿಯ ಆಕಾರ ಮತ್ತು ಮೇಲಿನ ವಾಯುಮಂಡಲದ ಸಾಂದ್ರತೆ ಹೆಚ್ಚು ನಿಖರವಾಗಿ ತಿಳಿದವು. ಆದರೆ ಇದೇ ಕ್ಯಾಮರಾವನ್ನು ಅಮೆರಿಕದ ವಾಯುಪಡೆಯೂ ತರಿಸಿ ಇಟ್ಟುಕೊಂಡಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಉಪಗ್ರಹದ ಹಾದಿ ಲೆಕ್ಕ ಹಾಕಬಲ್ಲವನಿಗೆ ಕ್ಷಿಪಣಿಯ ಹಾದಿ ಲೆಕ್ಕ ಹಾಕುವುದು ಬೇರೆಯಲ್ಲ.

೧೯೬೦ರಲ್ಲಿ ಬಪ್ಪು ಅವರು ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾದರು. ಆಗ ವಯಸ್ಸು ೩೩ ತುಂಬಿರಲಿಲ್ಲ. ಕೊಡೈಕನಾಲ್ ಸೂರ್ಯನನ್ನು ನೋಡಲು ಪ್ರಸಿದ್ಧವಾದ ಜಾಗ. ರಾತ್ರಿಯ ಆಕಾಶಕ್ಕೆ ಮೋಡದ ಕಾಟ. ಆದುದರಿಂದ ಅವರು ಒಳ್ಳೆಯ ತಾಣವನ್ನು ಹುಡುಕಿ ಹೊರಟರು. ವರ್ಷಗಟ್ಟಲೆ ಹುಡುಕಿದ ಮೇಲೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವೆ, ಗಂಧದ ಮರಗಳ ಕಾಡಿನಲ್ಲಿ, ಕಾವಲೂರೆಂಬ ಹಳ್ಳಿಯನ್ನು ಆರಿಸಿದರು. ಸಮುದ್ರಮಟ್ಟದಿಂದ ೭೨೫ ಮೀಟರ್ ಎತ್ತರ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ದಕ್ಷಿಣದ ನಕ್ಷತ್ರಗಳೂ ಕಾಣುತ್ತವೆ. ಅಲ್ಲಿ ೧೯೬೮ರಲ್ಲಿ ಕೆಲಸ ಆರಂಭಿಸಿದ ಮೊದಲ ದೂರದರ್ಶಕ ಕೇವಲ ೩೮ ಸೆಂಟಿಮೀಟರಿನದು. ಅದನ್ನು ಕೊಡೈಕನಾಲಿನ ಸ್ವಂತ ಕಾರ್ಯಾಗಾರದಲ್ಲೇ ತಯಾರಿಸಿದ್ದರು. ವಿದೇಶದಿಂದ ಕೊಂಡು ತರುವುದಕ್ಕಿಂತ ಚಿಕ್ಕದಾದರೂ ನಾವೇ ಉಜ್ಜಿ ಮಾಡಬೇಕೆಂಬುದು ಅವರ ಹಟ. ನನ್ನ ಅಭಿಪ್ರಾಯದಲ್ಲಿ ಅವರ ಜೀವನದ ತಿರುಳೇ ಇದು, ಧೂಮಕೇತುವಲ್ಲ, ಪದಕಗಳಲ್ಲ.

ಕೊಡೈಕನಾಲದ ಸಂಸ್ಥೆ ೧೯೭೧ರಲ್ಲಿ ಸ್ವಾಯತ್ತವಾಗಿ ಭಾರತೀಯ ಖಭೌತ ಸಂಸ್ಥೆ ಎಂಬ ಹೆಸರು ಪಡೆಯಿತು; ಅದರ ಕೇಂದ್ರ ನಮ್ಮ ಬೆಂಗಳೂರಿಗೆ ಬಂದಿತು. ಹೀಗೆ ಹೈದರಾಬಾದಿನ ಹುಡುಗ ಕನ್ನಡ ನಾಡಿನವರಾದರು. ಮರುವರ್ಷ ಪೂರ್ವ ಜರ್ಮನಿಯ ಜೈಸ್ ಕಾರ್ಖಾನೆಯ ಒಂದು ಮೀಟರ್ ದೂರದರ್ಶಕ ಕಾವಲೂರಿನಲ್ಲಿ ನಿಂತಿತು. ೧೯೭೭ರ ಮಾರ್ಚ್ ೧೦ರಂದು ಯುರೇನಸ್ ಗ್ರಹವು ಒಂದು ನಕ್ಷತ್ರವನ್ನು ಮರೆಮಾಡಲಿದ್ದಿತು. ಗ್ರಹ ಅಡ್ಡ ಬರುವುದಕ್ಕೆ ಇನ್ನೂ ಹೊತ್ತಿರುವಾಗಲೇ ಕಾವಲೂರಿನವರ ಉಪಕರಣದಲ್ಲಿ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿ ಮತ್ತೆ ಏರಿತು. ಯುರೇನಸ್ಸಿಗೆ ಬಳೆಗಳಿವೆಯೆಂದು ಜಗತ್ತಿಗೆ ತಿಳಿದದ್ದು ಆ ರಾತ್ರಿಯ ವೀಕ್ಷಣೆಗಳಿಂದ. ಅಮೆರಿಕನ್ನರು ವಿಮಾನದಲ್ಲಿ ದೂರದರ್ಶಕವನ್ನೊಯ್ದು ಇದನ್ನೇ ಕಂಡರು. ನಮ್ಮವರು ಕಾಡಿನ ನೆಲದ ಮೇಲೆ ನಿಂತು ಕಂಡರು. ದೂರದರ್ಶಕ ಆ ಹೊತ್ತಿನಲ್ಲಿ ಗುರಿಯಿಂದ ಜಾರಿದ್ದರೆ ಆ ಕೆಲವು ಸೆಕೆಂಡುಗಳು ಮತ್ತೆ ಬರುತ್ತಿರಲಿಲ್ಲ.

ಬಳಿಕ ಅವರ ಮಹದಾಸೆಯಾದ ೨.೩೪ ಮೀಟರಿನ ದೂರದರ್ಶಕ. ಶಾಖಕ್ಕೆ ಹಿಗ್ಗದ ಜಾತಿಯ ಗಾಜು ಜರ್ಮನಿಯಿಂದ ಬಂತು. ಅದನ್ನು ಉಜ್ಜಿ ಹೊಳಪು ಕೊಟ್ಟವರು ಬೆಂಗಳೂರಿನ ಪ್ರಯೋಗಾಲಯದ ನಮ್ಮ ಕೆಲಸಗಾರರು. ಬೆಳಕಿನ ಅಲೆಯ ಉದ್ದದ ಒಂದಂಶದಷ್ಟೂ ಉಬ್ಬುತಗ್ಗು ಉಳಿಯದಂತೆ ಎರಡು ಮೀಟರಿಗೂ ಅಗಲವಾದ ಗಾಜನ್ನು ತೀಡುವುದೆಂದರೆ ವರ್ಷಗಟ್ಟಲೆಯ ತಪಸ್ಸು. ಭಾರವಾದ ಉಕ್ಕಿನ ಅಂಗಾಂಗಗಳು ಪುಣೆ ಜಿಲ್ಲೆಯ ವಾಲ್‌ಚಂದನಗರದ ಕಾರ್ಖಾನೆಯಲ್ಲಿ ತಯಾರಾದವು. ಸಕ್ಕರೆ ಕಾರ್ಖಾನೆಗೆ ಯಂತ್ರ ಮಾಡುವವರು ನಕ್ಷತ್ರಕ್ಕೂ ಯಂತ್ರ ಮಾಡಿದರು. ತಿರುಗಿಸಿ ನಿಲ್ಲಿಸುವ ನಿಯಂತ್ರಣ ವ್ಯವಸ್ಥೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೈಗೂಡಿಸಿದರು. ಈ ನಡುವೆ ೧೯೭೯ರಲ್ಲಿ ಬಪ್ಪು ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ೧೯೮೧ರಲ್ಲಿ ಪದ್ಮಭೂಷಣ ಬಂದಿತು. ಉರ್ದು ಕವಿತೆ, ಚಿತ್ರಕಲೆ, ಹೂದೋಟ ಇವುಗಳಲ್ಲಿಯೂ ಅವರಿಗೆ ಅಭಿರುಚಿಯಿತ್ತು.

೧೯೮೨ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ಒಕ್ಕೂಟದ ಮಹಾಸಭೆ ಸೇರಿತ್ತು. ಅದರ ಅಧ್ಯಕ್ಷಪೀಠದಲ್ಲಿರಬೇಕಾಗಿದ್ದವರು ಮ್ಯೂನಿಚ್ ನಗರದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೊಳಗಾಗಿ ಆ ತಿಂಗಳ ೧೯ರಂದು ತೀರಿಕೊಂಡರು. ವಯಸ್ಸು ೫೫. ದೊಡ್ಡ ದೂರದರ್ಶಕ ಪೂರ್ತಿಯಾಗಲು ಇನ್ನೂ ಮೂರು ವರ್ಷಗಳಿದ್ದವು. ೧೯೮೬ರ ಜನವ����ಿ ೬ರಂದು ಪ್ರಧಾನಿ ರಾಜೀವ ಗಾಂಧಿಯವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ವೇಧಶಾಲೆಗೂ ದೂರದರ್ಶಕಕ್ಕೂ ವೈನು ಬಪ್ಪು ಅವರ ಹೆಸರಿಟ್ಟರು.

ಅವರು ತೀರಿಕೊಂಡ ಏಳು ತಿಂಗಳಿಗೆ, ೧೯೮೩ರ ಮಾರ್ಚ್ ೨೩ರಂದು, ಅಮೆರಿಕದ ಅಧ್ಯಕ್ಷ ರೇಗನ್ನರು ಶತ್ರುವಿನ ಕ್ಷಿಪಣಿಗಳನ್ನು ಹಾರಾಟದಲ್ಲೇ ನಾಶಮಾಡುವ ಮಹಾಯೋಜನೆಯನ್ನು ಸಾರಿದರು. ಲೇಸರ್ ಕಿರಣಗಳ ಮಾತು ಎಲ್ಲೆಲ್ಲೂ ಹಬ್ಬಿತು. ಅಸ್ತ್ರಗಾರರಿಗೆ ಆಗ ಬೇಕಾದದ್ದು ನಕ್ಷತ್ರ ನೋಡುವವರ ಉಪಕರಣಗಳೇ. ದೂರದರ್ಶಕ ಬೆಳಕನ್ನು ಒಳಕ್ಕೆ ತರುತ್ತದೆ. ಅದನ್ನೇ ಹಿಂದುಮುಂದಾಗಿ ಬಳಸಿದರೆ ಬೆಳಕನ್ನು ಹೊರಕ್ಕೆ ಕಳಿಸುತ್ತದೆ. ಕನ್ನಡಿ ದೊಡ್ಡದಾದಷ್ಟೂ ಕಿರಣ ಹರಡದೆ ಬಿಗಿಯಾಗಿ ಹೋಗುತ್ತದೆ. ಗಾಳಿಯ ನಡುಕವನ್ನು ಮೀರಲು ಬ್ಯಾಬ್‌ಕಾಕರ ಹಳೆಯ ಸಲಹೆಯನ್ನು ಅವರು ಗುಟ್ಟಾಗಿ ಕೈಗೆತ್ತಿಕೊಂಡಿದ್ದರು. ಗಾಳಿ ಎಷ್ಟು ಕದಡಿದೆಯೆಂದು ಅಳೆಯಲು ಗುರಿಯ ಹತ್ತಿರ ಒಂದು ಹೊಳಪಾದ ನಕ್ಷತ್ರ ಬೇಕು. ಅದು ಎಲ್ಲ ಕಡೆ ಸಿಗದು. ಲೇಸರ್ ಹಾಯಿಸಿ ಆಕಾಶದಲ್ಲಿ ಕೃತಕ ನಕ್ಷತ್ರವೊಂದನ್ನು ಬೆಳಗಿಸುವ ಉಪಾಯ ಅವರಿಗೆ ಹೊಳೆಯಿತು. ಸುಮಾರು ೯೦ ಕಿಲೋಮೀಟರ್ ಮೇಲೆ ಸೋಡಿಯಮ್ ಧಾತುವಿನ ತೆಳು ಪದರವೊಂದಿದೆ. ಅದನ್ನೇ ಬೆಳಗಿಸಬಹುದೆಂದು ೧೯೮೨ರಲ್ಲಿ ಸೂಚಿಸಿದವರು ಹ್ಯಾಪರ್ ಎಂಬ ವಿಜ್ಞಾನಿ. ಇದೆಲ್ಲ ರಹಸ್ಯವಾಗಿತ್ತು. ಫ್ರಾನ್ಸಿನ ಇಬ್ಬರು ಖಗೋಳಜ್ಞರು ಕೃತಕ ನಕ್ಷತ್ರದ ಉಪಾಯವನ್ನು ತಾವೇ ಕಂಡುಕೊಂಡು ೧೯೮೫ರಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ಅಮೆರಿಕನ್ನರು ತಮ್ಮ ಗುಟ್ಟನ್ನು ಬಿಟ್ಟುಕೊಟ್ಟಿದ್ದು ೧೯೯೧ರಲ್ಲಿ.

ಗುರಿ ಹಿಡಿಯುವುದು ಎಷ್ಟು ನಾಜೂಕೆಂಬುದಕ್ಕೆ ಒಂದು ಪ್ರಸಂಗ. ೧೯೮೫ರ ಜೂನ್ ೧೯ರಂದು ಮಾವಿ ದ್ವೀಪದ ಶಿಖರದಿಂದ ಲೇಸರನ್ನು ಬಿಟ್ಟು ಆಕಾಶನೌಕೆಯ ಮೇಲಿನ ಕನ್ನಡಿಗೆ ತಾಗಿಸಬೇಕಾಗಿತ್ತು. ಬೇಕರ್-ನನ್ ಕ್ಯಾಮರಾ ಇದ್ದದ್ದೂ ಆ ದ್ವೀಪದಲ್ಲಿಯೇ. ಶಿಖರದ ಎತ್ತರ ೧೦,೦೨೩ ಅಡಿ. ನೌಕೆಯ ಗಣಕಯಂತ್ರ ಆ ಸಂಖ್ಯೆಯನ್ನು ಅಡಿಯೆಂದು ತಿಳಿಯದೆ ನಾವಿಕ ಮೈಲಿಯೆಂದು ತಿಳಿಯಿತು. ಶಿಖರ ತನ್ನ ತಲೆಯ ಮೇಲೆಲ್ಲೋ ಇದೆಯೆಂದು ಲೆಕ್ಕ ಹಾಕಿ, ಕನ್ನಡಿಯನ್ನು ಭೂಮಿಗೆ ಬೆನ್ನು ಮಾಡಿ ತಿರುಗಿಸಿತು. ಎರಡು ದಿನಗಳ ನಂತರವೇ ಪ್ರಯೋಗ ಫಲಿಸಿದ್ದು. ಕೋಟಿಗಟ್ಟಲೆ ಡಾಲರಿನ ಯೋಜನೆಗೆ ಪ್ರಾಥಮಿಕ ಶಾಲೆಯ ಮಾನಗಳ ಕೋಷ್ಟಕ ಅಡ್ಡ ನಿಂತಿತೆಂದು ಓದಿದಾಗ ನಮ್ಮ ಹಾಸ್ಟೆಲಿನವರೆಲ್ಲ ಬಹಳ ನಕ್ಕೆವು. ಆಮೇಲೆ ದೊಡ್ಡ ವಿಮಾನವೊಂದರ ಮೂತಿಯಲ್ಲಿ ಒಂದೂವರೆ ಮೀಟರಿನ ಕನ್ನಡಿಯನ್ನಿಟ್ಟು, ಒಂದು ಲೇಸರಿನಿಂದ ಗುರಿ ಹಿಡಿದು, ಇನ್ನೊಂದರಿಂದ ಗಾಳಿಯ ನಡುಕವನ್ನಳೆದು, ಮೂರನೆಯದರಿಂದ ಸುಡುವ ವ್ಯವಸ್ಥೆ ಮಾಡಿದರು. ೨೦೧೦ರ ಫೆಬ್ರವರಿ ೧೧ರಂದು ಅದು ಮೇಲೇರುತ್ತಿದ್ದ ಕ್ಷಿಪಣಿಯೊಂದನ್ನು ಕೆಡವಿತು. ಮರುವರ್ಷದ ಕೊನೆಗೆ ಯೋಜನೆಯನ್ನೇ ಕೈಬಿಟ್ಟರು. ವೆಚ್ಚ ವಿಪರೀತ, ಕಿರಣ ತಲಪುವ ದೂರ ಸಾಲದು. ಕರ್ನೂಲಿನಲ್ಲಿ ಕೆಡವಿದ್ದು ಡ್ರೋನುಗಳನ್ನು. ದೂರದ ಕ್ಷಿಪಣಿಗೆ ಇನ್ನೂ ಬಹು ಹಾದಿಯಿದೆ.

ಹಾಗಾದರೆ ಬಪ್ಪು ಅವರನ್ನು ಈ ಅಸ್ತ್ರವಿದ್ಯೆಯ ಹಿರಿಯರೆಂದು ಕರೆಯೋಣವೇ ಎಂದು ಮಿತ್ರನೊಬ್ಬ ಕೇಳಿದ. ಹಾಗೆ ಕರೆಯುವುದು ಅನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ. ಅವರು ಅಸ್ತ್ರ ಮಾಡಲಿಲ್ಲ; ಮಾಡಿದ್ದನ್ನೆಲ್ಲ ಪ್ರಕಟಿಸಿದರು. ಆದರೆ ಡ್ರೋನು ನಮ್ಮ ಗಡಿಯೂರುಗಳ ಮೇಲೆ ಬರುವ ಕಾಲದಲ್ಲಿ, ಅದನ್ನು ತಡೆಯುವ ವಿದ್ಯೆಯೇ ಕೆಟ್ಟದ್ದೆಂದು ಹೇಳುವ ಧೈರ್ಯವೂ ನನಗಿಲ್ಲ. ಇಷ್ಟು ಮಾತ್ರ ಖಚಿತವಾಗಿ ಹೇಳಬಲ್ಲೆ: ಬೆಂಗಳೂರಿನ ಕೆಲಸಗಾರರು ಎರಡು ಮೀಟರಿನ ಗಾಜನ್ನು ತೀಡಲು ಕಲಿತದ್ದು, ಭಾರವಾದ ಉಕ್ಕನ್ನು ವಿಕಲೆಯ ಲೆಕ್ಕದಲ್ಲಿ ತಿರುಗಿಸಲು ನಮ್ಮ ಎಂಜಿನಿಯರುಗಳು ಕಲಿತದ್ದು ನಕ್ಷತ್ರಕ್ಕಾಗಿ; ಯಾವ ಶತ್ರುವಿಗಾಗಿಯೂ ಅಲ್ಲ. ಅದನ್ನು ಅಂಗಡಿಯಿಂದ ತರಬಹುದಾಗಿದ್ದರೂ ತರದೆ ಮಾಡಿಸಿದವರು ಬಪ್ಪು ಅವರು.

೧೯೮೮ರ ಫೆಬ್ರವರಿಯಲ್ಲಿ ಆರ್. ರಾಜಮೋಹನ್ ಅವರ ತಂಡದವರು ಕಾವಲೂರಿನ ಚಿಕ್ಕ ಷ್ಮಿಟ್ ದೂರದರ್ಶಕದಿಂದ ಹೊಸದೊಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಅದರ ಸಂಖ್ಯೆ ೪೧೩೦. ಗಣಿತಜ್ಞ ರಾಮಾನುಜನ್ನರ ಹೆಸರನ್ನು ಅದಕ್ಕಿಟ್ಟರು. ಬಪ್ಪು ಅವರ ಹೆಸರಿನ ಕ್ಷುದ್ರಗ್ರಹವೂ ಒಂದಿದೆ. ೧೯೭೯ರಲ್ಲಿ ಯುರೋಪಿನವರಿಗೆ ಕಂಡ ಅದರ ಸಂಖ್ಯೆ ೨೫೯೬. ಮಂಗಳ ಗುರುಗಳ ಕಕ್ಷೆಗಳ ನಡುವೆ ಅದು ಸೂರ್ಯನನ್ನು ಸುತ್ತುತ್ತಿದೆ. ಬರಿಗಣ್ಣಿಗೆ ಕಾಣುವಂಥದಲ್ಲ; ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮೇಲಿನ ಕಗ್ಗತ್ತಲೆಯ ಆಕಾಶದಲ್ಲಿಯೂ ಅದನ್ನು ಹಿಡಿಯಲು ಒಂದು ದೂರದರ್ಶಕವೂ, ಅದನ್ನು ಸರಿಯುವ ನಕ್ಷತ್ರಗಳ ಹಿಂದೆ ತಿರುಗಿಸುವ ಯಂತ್ರವೂ ಬೇಕು.